ಪಹಣಿಯಲ್ಲಿಲ್ಲದವರ ಬರ

ತುಮಕೂರು ಸೀಮೆಯ ಖುಷ್ಕಿ ಹೊಲದಲ್ಲಿ ದುಡಿಯೋ ನಾವು ಕೇರಿಯವರು ಮಳೆಯನ್ನು ತಿಂಗಳ ಲೆಕ್ಕದಲ್ಲಿ ಹಿಡಿದವರಲ್ಲ. ಭರಣಿಗೆ ಉಕ್ಕೆ, ಪುನರ್ವಸು ಪುಷ್ಯಕ್ಕೆ ರಾಗಿ ಅಂತ ನಮ್ಮಜ್ಜಿಯರು ಬೆರಳ ಮೇಲೆ ಎಣಿಸುತ್ತಿದ್ದರು. ಈಗ ಆ ಎಣಿಕೆಯೇ ತಪ್ಪಿದೆ. ಭರಣಿ ಒಣಗಿ ಹೋಗುತ್ತೆ, ಪುಷ್ಯ ಕೈಕೊಡುತ್ತೆ, ಮೆದೆ ಹಾಕೋ ಹೊತ್ತಿಗೆ ಆಕಾಶ ಹರಿದು ಬೀಳುತ್ತೆ. 2021ರ ನವೆಂಬರಿನಲ್ಲಿ ಕೊಯ್ದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು. 2023ರಲ್ಲಿ ತೆನೆಯೇ ಕಟ್ಟಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ ಅಂತ ಸರ್ಕಾರವೇ ಸಾರಿತು.

ಹಾಗಂತ ಕೈಕಟ್ಟಿ ಕೂತೆವೇ? ನಾಲ್ಕು ತಿಂಗಳ ರಾಗಿ ಬಿಟ್ಟು ಮೂರು ತಿಂಗಳು ಚಿಲ್ಲರೆಗೆ ಬರೋ ತಳಿ ಹಿಡಿದೆವು. ಮಳೆ ತಡವಾದರೆ ಪೈರು ಬೆಳೆಸಿ ನಾಟಿ ಹಾಕಿದೆವು. ಅಕ್ಕಡಿ ಸಾಲಂತೂ ನಮ್ಮ ಹೆಂಗಸರ ವಿದ್ಯೆ. ರಾಗಿ ಹೋದರೆ ಅವರೆ, ಅವರೆ ಹೋದರೆ ತೊಗರಿ, ಎಲ್ಲಾ ಹೋದರೂ ಬದುವಿನಲ್ಲಿ ಹರಳು, ಸೊಪ್ಪಿಗಾದರೂ ಅಲಸಂದೆ. ಇದನ್ನೇ ಈಗ ಹವಾಮಾನಕ್ಕೆ ಹೊಂದಿಕೊಳ್ಳೋ ಬೇಸಾಯ ಅಂತ ಸಭೆ ಕರೆದು ಹೇಳ್ತಾರೆ. ಸಭೆಗೆ ಕರೆಯೋದು ಬೋರ್‌ವೆಲ್ ಇದ್ದವರನ್ನ!

ನಮ್ಮದು ಅಂತ ಇರೋದು ಗರಜುಕಲ್ಲಿನ ದಿಣ್ಣೆ ಮೇಲಿನ ತುಂಡು ನೆಲ. ಕೃಷಿ ಹೊಂಡ ತೋಡಿಸ್ರಿ ಅಂತಾರೆ. ಹೊಂಡ ತೋಡಿದರೆ ಬಿತ್ತೋದೆಲ್ಲಿ? ಮಿಕ್ಕದ್ದೆಲ್ಲ ವಾರಕ್ಕೆ ಮಾಡೋದು, ಬೆಳೆದದ್ದರಲ್ಲಿ ಅರ್ಧ ಧಣಿಗೆ. 1974ರ ಮಾರ್ಚ್ 1ರಿಂದ ಗೇಣಿ ರದ್ದಾಯಿತು. ಒಳ್ಳೆಯ ಕಾನೂನೇ; ಅದಕ್ಕಾಗಿ ಹೋರಾಡಿದವರಿಗೆ ಶರಣು. ಆದರೆ ಗೆಳೆಯರೇ, ವಾರಕ್ಕೆ ಕೊಡೋದು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಗೊಬ್ಬರ ಹೊತ್ತವರು ನಾವು, ಎರಡೆರಡು ಸಲ ಬಿತ್ತಿದವರು ನಾವು, ಪಹಣಿಯಲ್ಲಿ ಹೆಸರು ಆತನದು. ಕಾಗದಕ್ಕೆ ನಾವು ಕಾಣೋದೇ ಇಲ್ಲ.

2024ರ ಜನವರಿಯಲ್ಲಿ ಬರಪರಿಹಾರದ ಮೊದಲ ಕಂತು, 2000 ರೂಪಾಯಿವರೆಗೆ, ಖಾತೆಗಳಿಗೆ ಬಿತ್ತು. ನಮ್ಮ ವಾರದ ಹೊಲದ್ದು ಧಣಿಯ ಖಾತೆಗೆ. ಕೇಳೋಣ ಅಂತ ಹೋದೆವು. ಜಗಲಿಯ ಕೆಳಗೇ ನಿಂತೆವು, ಅದೂ ಇನ್ನೂ ಹಾಗೇ ಇದೆ.

“ಭೂಮಿ ನಂದಲ್ವೇನ್ರೋ?” ಅಂದ.

“ಭೂಮಿ ನಿಮ್ದು ಸರಿ ಸ್ವಾಮಿ, ಬರ ಯಾರ್ದು?” ಅಂತ ನಮ್ಮ ಜೊತೆಗಿದ್ದ ಚಿಕ್ಕವ್ವ ಕೇಳೇಬಿಟ್ಟಳು.

ಆ ಮುಂಗಾರಿಗೆ ಆಕೆಗೆ ಹೊಲ ಸಿಗಲಿಲ್ಲ. ಬೂದಿ ಬೆರೆಸಿ ಇಟ್ಟಿದ್ದ ಅವರೆ ಬೀಜ ಗಡಿಗೆಯಲ್ಲೇ ಉಳಿಯಿತು.