ವಾರಂಟಿ ಎಷ್ಟು ವರ್ಷ?

ವಾರಂಟಿ ಜಾಸ್ತಿ ಇದ್ರೆ ಮಾಲು ಗಟ್ಟಿ. ಮಿಕ್ಸಿಯಿಂದ ಕಾರಿನವರೆಗೆ ನಾವೆಲ್ಲ ಹೀಗೇ ನಂಬಿಕೊಂಡು ಬಂದವರು, ಅಲ್ವಾ?

ಅಮೆರಿಕದಲ್ಲಿರುವ ಅಕ್ಕನ ಮಗನಿಗೂ ಅದೇ ನಂಬಿಕೆ. ಬಾಡಿಗೆ ಮನೆ ಬಿಟ್ಟು, ಕಾರಿನ ಹಿಂದೆ ಕಟ್ಟಿ ಎಳೆಯುವ ಟ್ರೇಲರ್ ಮನೆಯಲ್ಲಿ ಹೆಂಡತಿ ಜೊತೆ ಒಂದೆರಡು ವರ್ಷ ಊರೂರು ಸುತ್ತುತ್ತಾ ಇರುವ ಯೋಚನೆ ಅವನದು. ಒಂದು ಟ್ರೇಲರಿಗೆ 1 ವರ್ಷ ವಾರಂಟಿ, ಇನ್ನೊಂದಕ್ಕೆ 2 ವರ್ಷ, ಬೆಲೆಯೂ ಹೆಚ್ಚು. ಸಾಲ ಮಾತ್ರ 10 ವರ್ಷದ್ದು. "ಮಾವ, ನೀವು ಬ್ಯಾಂಕಿನವರು. ಎರಡು ವರ್ಷದ್ದೇ ಗಟ್ಟಿ ಅಲ್ವಾ?" ಅಂತ ಫೋನಿನಲ್ಲಿ ಕೇಳಿದ.

ಮುಂಬೈಯಲ್ಲಿ ಮೂವತ್ತು ವರ್ಷ ಸಾಲದ ಕಾಗದ ಓದಿದವನು ನಾನು. ಜಾಮೀನು ಎಷ್ಟು ವರ್ಷದ್ದು ಅನ್ನೋದಕ್ಕಿಂತ ಜಾಮೀನು ನಿಂತವರು ಯಾರು, ಯಾವುದಕ್ಕೆ ನಿಂತಿದ್ದಾರೆ ಅನ್ನೋದನ್ನು ನಾವು ಮೊದಲು ನೋಡುತ್ತೇವೆ.

ವಾರಂಟಿಗೆ ಅರ್ಥವೇ ಇಲ್ಲ ಅಂತಲ್ಲ. 1986ರಲ್ಲಿ ಅಮೆರಿಕಕ್ಕೆ ಬಂದ ಹ್ಯುಂಡೈ ಮೊದಲು ಸೋವಿ ಬೆಲೆಗೆ, ಆಮೇಲೆ ರಿಪೇರಿಗೆ ಹೆಸರಾಯಿತು. 1998ರಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ ಘೋಷಿಸಿತು. ಮರುದಿನವೇ ಕಾರು ಗಟ್ಟಿಯಾಗಲಿಲ್ಲ. ಆದರೆ ಕೆಟ್ಟರೆ ಖರ್ಚು ತನ್ನದೇ ತಲೆಗೆ, ಹಾಗಾಗಿ ಸುಧಾರಿಸದೆ ವಿಧಿಯಿರಲಿಲ್ಲ. 2004ರ ಜೆ.ಡಿ. ಪವರ್ ಆರಂಭಿಕ ಗುಣಮಟ್ಟದ ಸಮೀಕ್ಷೆಯಲ್ಲಿ ಹೋಂಡಾಕ್ಕೆ ಸಮನಾಗಿ ನಿಂತಿತು.

ಟ್ರೇಲರಿನ ಕಥೆ ಬೇರೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ ತಯಾರಾಗುವ ಈ ಮನೆಗಳಿಗೆ ಆಕ್ಸಲ್, ಟೈರು, ಫ್ರಿಜ್, ಏಸಿ ಎಲ್ಲ ಬೇರೆಬೇರೆ ಕಡೆಯಿಂದ ಬರುತ್ತವೆ. ಸಾಮಾನ್ಯವಾಗಿ ಒಂದೊಂದಕ್ಕೂ ಅದರದೇ ಕಂಪನಿಯ ಬೇರೆ ವಾರಂಟಿ. ಹೊರಗೆ ದಪ್ಪಕ್ಷರದಲ್ಲಿ ಬರೆದ "2 ವರ್ಷ" ಯಾವ ಭಾಗಕ್ಕೆ ಅಂತ ಒಳಗಿನ ಸಣ್ಣಕ್ಷರದಲ್ಲೇ ಹುಡುಕಬೇಕು.

ವಾರಂಟಿ ಪುಸ್ತಕ ಕಳಿಸು ಅಂದೆ. ಸಾಲಿನಿಂದ ಸಾಲಿಗೆ ಓದಿದೆ. ಅಲ್ಲಿತ್ತು ನೋಡಿ: ಟ್ರೇಲರನ್ನು ಖಾಯಂ ವಾಸಕ್ಕೆ ಬಳಸಿದರೆ ವಾರಂಟಿ ಅನ್ವಯಿಸದು! ಇಂಥ ಷರತ್ತು ಅಲ್ಲಿ ಅನೇಕ ಕಂಪನಿಗಳದ್ದು. ಅಂದರೆ ಅವನ ಪಾಲಿಗೆ ಎರಡು ವರ್ಷವೂ ಸೊನ್ನೆ, ಒಂದು ವರ್ಷವೂ ಸೊನ್ನೆ. ಹೆಚ್ಚು ಕೊಡಲಿದ್ದ ಬೆಲೆ ಯಾತಕ್ಕೆ?

ಇನ್ನೊಂದು ದಾರಿ ಬಿ.ಕಾಂ. ಓದಿದವರಿಗೆ ಗೊತ್ತು. ಮಾರಿದ ಮಾಲಿನ ರಿಪೇರಿಗೆ ಎಷ್ಟು ಬೇಕಾದೀತು ಅಂತ ಲೆಕ್ಕ ಹಾಕಿ ಕಂಪನಿ ಮೊದಲೇ ಹಣ ತೆಗೆದಿಡಬೇಕು. ಥಾರ್, ವಿನ್ನೆಬೇಗೊ ತರಹ ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಯಲ್ಲಿ ಈ ಲೆಕ್ಕ ಸಿಗುತ್ತದೆ: ಎಷ್ಟು ತೆಗೆದಿಟ್ಟರು, ಎಷ್ಟು ಖರ್ಚಾಯಿತು. ಮಾರಾಟದ ಜೊತೆ ಹೋಲಿಸಿ ನಾಲ್ಕೈದು ವರ್ಷದ್ದು ನೋಡಿ. ಯಾವ ಮಾಡೆಲ್ ಕೆಟ್ಟಿತು ಅಂತ ಅದು ಹೇಳದು, ಆದರೆ ಬಣ್ಣದ ಜಾಹೀರಾತಿಗಿಂತ ವಾಸಿ.

ಹುಡುಗ ಸದ್ಯಕ್ಕೆ ಮನೆ ಬಿಟ್ಟಿಲ್ಲ. ಖಾಯಂ ವಾಸಕ್ಕೂ ವಾರಂಟಿ ಕೊಡುವವರನ್ನು ಹುಡುಕುತ್ತಿದ್ದಾನೆ.

ನೀವೂ ಅಷ್ಟೆ. ಏನೇ ಕೊಳ್ಳಿ, "ಎಷ್ಟು ವರ್ಷ?" ಅನ್ನೋ ಮೊದಲು "ಯಾವುದಕ್ಕೆ ಇಲ್ಲ?" ಅಂತ ಕೇಳಿ. ಉತ್ತರ ಬರವಣಿಗೆಯಲ್ಲೇ ಇರಲಿ.