ಒಂದಂತಸ್ತು ಕಳೆದುಕೊಂಡ ಮನೆ

ಹಳೆಯ ಮನೆ ಕಂಡರೆ ನನ್ನ ಮನಸ್ಸು ಅದನ್ನು ಕಟ್ಟಿಸಿದವರಿಗಿಂತ ಅಲ್ಲಿ ಬಾಡಿಗೆಗಿದ್ದು ಹೋದವರ ಕಡೆಗೇ ಓಡುತ್ತದೆ. ಕಟ್ಟಿಸಿದವರ ಹೆಸರು ಹೇಗೂ ಎಲ್ಲಾದರೂ ಬರೆದಿರುತ್ತದೆ. ಬಾಸ್ಟನ್ನಿನ ನಾರ್ತ್ ಎಂಡ್ ಬಡಾವಣೆಯಲ್ಲಿರುವ ಪಾಲ್ ರೆವಿಯರ್ ಮನೆಯ ವಿಷಯದಲ್ಲೂ ನನಗೆ ಹೀಗೇ ಆಗುತ್ತದೆ.

ಮರದ ಹಲಗೆ ಹೊದ್ದ ಮನೆ. ಮಹಡಿ ಬೀದಿಯ ಕಡೆಗೆ ತುಸು ಮುಂದಕ್ಕೆ ಚಾಚಿದೆ. 1676ರ ಬೆಂಕಿಯಲ್ಲಿ ಇನ್‌ಕ್ರೀಸ್ ಮೇದರ್ ಎಂಬ ಪಾದ್ರಿಯ ಮನೆ ಸುಟ್ಟುಹೋದ ಜಾಗದಲ್ಲಿ 1680ರ ಸುಮಾರಿಗೆ ಎದ್ದದ್ದು. ಮೊದಲ ಒಡೆಯ ರಾಬರ್ಟ್ ಹೋವರ್ಡ್, ಸ್ಥಿತಿವಂತ ವ್ಯಾಪಾರಿ. ಬೆಳ್ಳಿ ಕೆಲಸದ ರೆವಿಯರ್ ಇದನ್ನು ಕೊಂಡದ್ದು 1770ರಲ್ಲಿ. ಮೊದಲ ಹೆಂಡತಿಗೆ ಎಂಟು, ಆಕೆ ತೀರಿಕೊಂಡ ಮೇಲೆ ಬಂದ ಎರಡನೆಯಾಕೆಗೆ ಎಂಟು, ಒಟ್ಟು ಹದಿನಾರು ಮಕ್ಕಳ ತಂದೆ ಆತ. 1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ಹೊರಟ ಸುದ್ದಿಯನ್ನು ಲೆಕ್ಸಿಂಗ್ಟನ್ನಿಗೆ ಮುಟ್ಟಿಸಲು, ಇದೇ ಮನೆಗೆ ಬಂದು ಬೂಟು, ಮೇಲಂಗಿ ತೆಗೆದುಕೊಂಡು ದೋಣಿಯ ಕಡೆ ನಡೆದ. ನದಿ ದಾಟಿದ ಮೇಲೆ ಕುದುರೆ. ಕವಿ ಲಾಂಗ್‌ಫೆಲೋ 1860ರಲ್ಲಿ ಆ ರಾತ್ರಿಯ ಸವಾರಿಯ ಮೇಲೆ ಪದ್ಯ ಬರೆದ. ಆಮೇಲೆಯೇ ರೆವಿಯರ್ ದೇಶದ ಮನೆಮಾತಾದ.

ಅಷ್ಟರಲ್ಲಿ ಮನೆ ಆ ಕುಟುಂಬದ ಕೈಬಿಟ್ಟು ಅರವತ್ತು ವರ್ಷ ಕಳೆದಿತ್ತು. 1800ರಲ್ಲಿ ಮಾರಾಟವಾದ ಮನೆ ಮುಂದೆ ನಮ್ಮ ವಠಾರದಂತಾಯಿತು. ಹಡಗಿಳಿದು ಬಂದ ವಲಸಿಗರು ಇಲ್ಲಿ ಬಾಡಿಗೆಗಿದ್ದರು. ಬೀದಿಗೆ ತೆರೆದ ಕೆಳ ಅಂತಸ್ತಿನಲ್ಲಿ ಮಿಠಾಯಿ ಅಂಗಡಿ, ಚುಟ್ಟದ ಕಾರ್ಖಾನೆ, ತರಕಾರಿ ವ್ಯಾಪಾರ, ಒಂದು ಬ್ಯಾಂಕು ಕೂಡ ನಡೆದವು. ಯಾರಿಗಾದರೂ ಉಪಯೋಗಕ್ಕೆ ಬರುತ್ತಿದ್ದುದರಿಂದಲೇ ಆ ತೊಲೆಗಳು ಉಳಿದವು ಎಂದು ನಾನು ನಂಬಿದ್ದೇನೆ.

1902ರಲ್ಲಿ, ಮನೆ ನೆಲಸಮವಾಗಬಾರದೆಂದು ರೆವಿಯರನ ಮರಿಮಗ ಜಾನ್ ರೆನಾಲ್ಡ್ಸ್ ಅದನ್ನು ಕೊಂಡ. ವಾಸ್ತುಶಿಲ್ಪಿ ಜೋಸೆಫ್ ಚಾಂಡ್ಲರ್ ದುರಸ್ತಿ ಮಾಡಿಸಿದ. 1908ರ ಏಪ್ರಿಲ್‌ನಲ್ಲಿ ಜನರಿಗೆ ಬಾಗಿಲು ತೆರೆಯಿತು. ಆ ಇಬ್ಬರಿಗೂ ನಾವು ಋಣಿಗಳು. ಆದರೆ ದುರಸ್ತಿಯಲ್ಲಿ ಮನೆಯನ್ನು 1700ರ ಸುಮಾರಿನ ರೂಪಕ್ಕೆ ಒಯ್ದರು. ಅಂಗಡಿಗಳು ಹೋದವು. ಮುಂಭಾಗದಲ್ಲಿ ಆಮೇಲೆ ಎಬ್ಬಿಸಿದ್ದ ಮೂರನೆಯ ಅಂತಸ್ತೂ ಹೋಯಿತು. ರೆವಿಯರ್ ಬಾಳಿದ್ದು ಆ ಮೂರಂತಸ್ತಿನ ಮನೆಯಲ್ಲಿ! ಆತನ ಹೆಸರಿನಲ್ಲಿ ಉಳಿಸಿದ ಮನೆ ಇಂದು ಆತ ಕಂಡ ಮನೆಯಂತಿಲ್ಲ.

ಮನೆಯ ಆಯುಸ್ಸಿನಲ್ಲಿ ಒಂದು ಕಾಲವನ್ನೇ ಸರಿಯೆಂದು ಆರಿಸಿ ಉಳಿದದ್ದನ್ನು ಕಿತ್ತೆಸೆಯುವುದು ನನಗೆ ಒಪ್ಪಿಗೆಯಿಲ್ಲ. ಬಾಸ್ಟನ್ನಿಗೆ ಹೋಗುವವರು ರೆವಿಯರನ ಕಥೆಯನ್ನು ಖಂಡಿತ ಕೇಳಿ. ಕೇಳಿದ ಮೇಲೆ, ಅಲ್ಲಿ ತರಕಾರಿ ಮಾರಿದವರು ಯಾರೆಂದೂ ವಿಚಾರಿಸಿ.