ಆರು ಗುಂಡಿಯ ಕಲ್ಲು

ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮ ಶಾಲೆಯ ಮಕ್ಕಳು ಕೇಳುವುದು ಎರಡೇ ಪ್ರಶ್ನೆ. "ಲಂಡನ್ ನೋಡಿದಿರಾ ಟೀಚರ್? ಹಿಮ ಬೀಳ್ತಿತ್ತಾ?" ಎರಡಕ್ಕೂ ಇಲ್ಲ ಎಂದು ಹೇಳಿ ಅವರ ಮುಖ ಸಪ್ಪೆ ಮಾಡಿದ್ದೇನೆ. 2023ರ ಏಪ್ರಿಲ್ ರಜೆಯಲ್ಲಿ ನಾನಿದ್ದದ್ದು ಶೆಫೀಲ್ಡ್‌ನಲ್ಲಿ, ತಂಗಿಯ ಮನೆಯಲ್ಲಿ. ಅಲ್ಲಿಂದ ಒಂದು ದಿನ ಹೋಗಿ ನೋಡಿದ ಹಳ್ಳಿಯೊಂದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಡರ್ಬಿಶೈರ್‌ನ ಗುಡ್ಡಗಳ ನಡುವಿನ ಊರು ಅದು. ಬೋರ್ಡು ನೋಡಿ ನಾನು "ಇಯಾಮ್" ಎಂದು ಓದಿದೆ. ತಂಗಿಯ ಮಗಳು ನಗಾಡಿದಳು. "ಈಮ್ ದೊಡ್ಡಮ್ಮ, ಬರೀ ಈಮ್!" ನಮ್ಮ ಕಾಸರಗೋಡಿನ ಊರುಗಳ ಹೆಸರನ್ನು ಯಾರಾದರೂ ತಪ್ಪಾಗಿ ಹೇಳಿದರೆ ಸಿಟ್ಟಾಗುವವಳು ನಾನು. ಸುಮ್ಮನೆ ತಿದ್ದಿಕೊಂಡೆ.

ವಸಂತ ಎಂದು ಪಾಠದಲ್ಲಿ ಎಷ್ಟು ಸಲ ಹೇಳಿಲ್ಲ ನಾವು! ನಮಗೆ ಆ ತಿಂಗಳು ಬೆವರು, ಬತ್ತುವ ಬಾವಿ, ಗೇರುಹಣ್ಣಿನ ವಾಸನೆ. ಅಲ್ಲಿ ಮರಗಳಲ್ಲಿ ಆಗಷ್ಟೇ ಚಿಗುರು, ಮನೆಗಳ ಮುಂದೆ ಹಳದಿ ಡ್ಯಾಫೊಡಿಲ್, ಹುಲ್ಲಿನಲ್ಲಿ ತಾಯಿಯ ಹಿಂದೆ ಹಾರುವ ಕುರಿಮರಿಗಳು. ಬಿಸಿಲಿದ್ದರೂ ಸ್ವೆಟರ್ ಬಿಚ್ಚುವ ಹಾಗಿಲ್ಲ. ಗದ್ದೆಗಳ ಸುತ್ತ ಸಿಮೆಂಟು, ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಪಾಗಾರ.

ಇಗರ್ಜಿಯ ಪಕ್ಕದ ಸಾಲುಮನೆಗಳ ಮುಂದೆ ಫಲಕಗಳಿವೆ. ಈ ಮನೆಯಲ್ಲಿ ಯಾರ್ಯಾರು ಸತ್ತರು ಎಂಬ ಪಟ್ಟಿ ಅದು. 1665ರಲ್ಲಿ ಲಂಡನ್ನಿನಿಂದ ಒಬ್ಬ ದರ್ಜಿಗೆ ಬಟ್ಟೆಯ ಗಂಟು ಬಂತು, ಅದರಲ್ಲಿ ಪ್ಲೇಗಿನ ಚಿಗಟವೂ ಬಂತು ಎನ್ನುತ್ತಾರೆ. ಆ ಮನೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಕರ್ಸ್ ಸೆಪ್ಟೆಂಬರಿನಲ್ಲಿ ಸತ್ತ. ಅವನೇ ಮೊದಲು. ಮುಂದಿನ ವರ್ಷ ಜೂನ್‌ನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ ಊರವರ ಮುಂದೆ ಒಂದು ಮಾತಿಟ್ಟ: ಯಾರೂ ಊರ ಗಡಿ ದಾಟುವುದು ಬೇಡ, ರೋಗ ನಮ್ಮಲ್ಲೇ ಮುಗಿಯಲಿ. ಮತಭೇದದಿಂದ ಸ್ಥಾನ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯೂ ಜೊತೆಗೆ ನಿಂತ. ಆಗದ ಇಬ್ಬರು ಒಟ್ಟಾದದ್ದೇ ದೊಡ್ಡ ಸಂಗತಿ. ಪ್ರಾರ್ಥನೆ ಬಯಲಿನಲ್ಲಿ. ಅವರವರ ಹೆಣ ಅವರವರೇ ಹೂಳಬೇಕು.

ಹೂಳಿದರು. ಊರ ಹೊರಗಿನ ಇಳಿಜಾರಿನಲ್ಲಿ ಚಿಕ್ಕ ಪಾಗಾರದೊಳಗೆ ಹ್ಯಾಂಕಾಕ್ ಮನೆಯವರ ಸಮಾಧಿಗಳಿವೆ. 1666ರ ಆಗಸ್ಟಿನಲ್ಲಿ ಎಂಟು ದಿನದೊಳಗೆ ಎಲಿಜಬೆತ್ ಹ್ಯಾಂಕಾಕ್ ತನ್ನ ಆರು ಮಕ್ಕಳನ್ನೂ ಗಂಡನನ್ನೂ ಮಣ್ಣು ಮಾಡಿದಳು. ಅದೇ ತಿಂಗಳು ಮಾಂಪೆಸನ್ನನ ಹೆಂಡತಿ ಕ್ಯಾಥರೀನ್ ಹೋದಳು. ತಮ್ಮ ಇಬ್ಬರು ಮಕ್ಕಳನ್ನು ಅವರು ಮೊದಲೇ ಊರಿನಿಂದ ಕಳಿಸಿದ್ದರು. ಇದನ್ನು ಓದಿ ನನಗೆ ಸ್ವಲ್ಪ ಇರುಸುಮುರುಸಾಯಿತು. ಕಳಿಸಲು ಬೇರೆ ಜಾಗ ಇದ್ದವರು ಕಳಿಸಿದರು, ಇಲ್ಲದವರು ಉಳಿದರು. ನವೆಂಬರ್ ಹೊತ್ತಿಗೆ ಸತ್ತವರು 260 ಮಂದಿ ಎಂದು ಊರವರ ಲೆಕ್ಕ.

ಮಧ್ಯಾಹ್ನ ಬುತ್ತಿಯ ಚಿತ್ರಾನ್ನ ತಿಂದು, ಪಕ್ಕದ ಸ್ಟೋನಿ ಮಿಡಲ್‌ಟನ್‌ನ ಕಡೆ ಹೋಗುವ ಕಾಲುದಾರಿ ಹಿಡಿದೆವು. ಹುಲ್ಲಿನ ನಡುವೆ ಒಂದು ಕಲ್ಲು. ದೊಡ್ಡದೇನೂ ಅಲ್ಲ, ಮೇಲೆ ಆರು ಗುಂಡಿಗಳು. ಊರವರು ಆ ಗುಂಡಿಗಳಿಗೆ ವಿನೆಗರ್ ಸುರಿದು ಅದರಲ್ಲಿ ದುಡ್ಡು ಹಾಕಿ ಹಿಂದೆ ಹೋಗುತ್ತಿದ್ದರು. ಆಚೆಯವರು ಬಂದು ಆಹಾರ ಇಟ್ಟು, ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು.

"ವಿನೆಗರ್ ಹಾಕಿದ್ರೆ ರೋಗ ಸಾಯ್ತದಾ ದೊಡ್ಡಮ್ಮ?"

ಪ್ಲೇಗಿನ ರೋಗಾಣು ಗೊತ್ತಾದದ್ದೇ 1894ರಲ್ಲಿ, ಇವರಿಗೆ ಏನು ತೋಚಿತೋ ಅದನ್ನು ಮಾಡಿದರು ಎಂದೆ. ಗುಂಡಿಯಲ್ಲಿ ಯಾರೋ ಹಾಕಿದ ನಾಣ್ಯಗಳಿದ್ದವು. ಅವಳೂ ಒಂದು ಪೆನ್ನಿ ಹಾಕಿದಳು.

ನನಗೆ ಆಗ ನೆನಪಾದದ್ದು ತಲಪಾಡಿ. ನೀವೂ ಮರೆತಿರಲಾರಿರಿ. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ನಮ್ಮ ಜಿಲ್ಲೆಯಿಂದ ಮಂಗಳೂರಿಗೆ ಹೋಗುವ ದಾರಿಗಳು ಮುಚ್ಚಿದವು. ಒಳದಾರಿಗಳಿಗೂ ಮಣ್ಣು ಬಿತ್ತು. ಹೆರಿಗೆಗೆ, ಹೃದಯಕ್ಕೆ, ಕಿಡ್ನಿಗೆ ಎಲ್ಲದಕ್ಕೂ ಮಂಗಳೂರನ್ನೇ ನಂಬಿದ್ದವರು ನಾವು. ನನ್ನ ಐದನೇ ತರಗತಿಯ ಹುಡುಗಿಯ ಅಜ್ಜನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇತ್ತು. ಆಂಬುಲೆನ್ಸು ಗಡಿಯವರೆಗೆ ಹೋಗಿ ಹಿಂದೆ ಬಂತು. ಅಜ್ಜ ವಿಷು ನೋಡಲಿಲ್ಲ.

ಮಂಗಳೂರಿನ ಕಡೆಯವರ ಹೆದರಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಆಗ ನಮ್ಮಲ್ಲಿ ರೋಗ ಜಾಸ್ತಿಯೇ ಇತ್ತು. ನನ್ನ ಸ್ವಂತ ಅಕ್ಕ ಮಂಗಳೂರಿನಲ್ಲಿದ್ದಾಳೆ, ಅವಳೂ ಫೋನಿನಲ್ಲಿ "ಬರಬೇಡ" ಎಂದವಳೇ. ಆದರೆ ಈಮ್‌ನವರು ಗಡಿಯನ್ನು ಒಳಗಿನಿಂದ ಹಾಕಿಕೊಂಡರು, ಹಾಕಿಕೊಂಡದ್ದರಲ್ಲಿ ಗುಂಡಿ ಕೊರೆದರು. ನಮ್ಮದನ್ನು ಹೊರಗಿನಿಂದ ಹಾಕಿದರು, ಅದಕ್ಕೆ ಗುಂಡಿ ಇರಲಿಲ್ಲ. ಅದೂ ಒಂದೇ ಭಾಷೆ ಆಡುವವರ ನಡುವೆ. ಕಲ್ಲಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ತಂಗಿ "ಬಸ್ಸು ತಪ್ತದೆ ಅಕ್ಕಾ" ಎಂದು ಕೈ ಹಿಡಿದು ಎಳೆದಳು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಒಂಬತ್ತನೇ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಅಜ್ಜನನ್ನು ಕಳೆದುಕೊಂಡ ಹುಡುಗಿ ಈಗ ಅದೇ ತರಗತಿಯಲ್ಲಿದ್ದಾಳೆ ಎಂಬುದು ಅರ್ಧ ಹೇಳಿದ ಮೇಲೆ ಹೊಳೆಯಿತು. ನಿಲ್ಲಿಸಲು ಆಗಲಿಲ್ಲ, ತಲಪಾಡಿಯ ಮಾತು ಮಾತ್ರ ಬಿಟ್ಟೆ. ಗುಂಡಿ ಎಷ್ಟು ಆಳ ಎಂದು ಹುಡುಗರು ಕೇಳಿದರು, ಬೆರಳಿನಲ್ಲಿ ತೋರಿಸಿದೆ. ಕೊನೆಗೆ ಅವಳು ಎದ್ದು ನಿಂತಳು.

"ಆ ಗುಂಡಿ ಕೊರೆದದ್ದು ಯಾವ ಕಡೆಯವರು ಟೀಚರ್? ಈ ಕಡೆಯವರಾ, ಆ ಕಡೆಯವರಾ?"

ಅದನ್ನು ನಾನು ಅಲ್ಲಿ ಯಾರ ಹತ್ತಿರವೂ ಕೇಳಿರಲಿಲ್ಲ.